ತೊಳೆಯೋಕಿಂತ ಮೊದಲು

ಮುಂಬೈ, ಪುಣೆ, ಹೈದರಾಬಾದಿನ ಹಳೇ ಕಟ್ಟಡಗಳ ವರಾಂಡದಲ್ಲಿ ನಿಂತು ಕಾಲ ಕೆಳಗೆ ನೋಡಿದರೆ ಬೂದು ಬಣ್ಣದ ನಯವಾದ ಚಪ್ಪಡಿ ಕಲ್ಲು ಕಾಣುತ್ತೆ. ಬಹಳ ಸಲ ಅದು ನಮ್ಮ ಕಡೆಯದು. ಊರಿನ ಹೆಸರೇ ಕಲ್ಲಿನ ಹೆಸರಾಗಿದೆ, ಶಹಾಬಾದ್ ಕಲ್ಲು. ನಮ್ಮೂರಲ್ಲಿ ಅದಕ್ಕೆ ಫರ್ಸಿ ಅಂತೀವಿ. ಅದೇ ಸುಣ್ಣದ ಕಲ್ಲಿನ ಪದರದಿಂದಲೇ ವಾಡಿಯ ಸಿಮೆಂಟು, ಸೇಡಂನ ಸಿಮೆಂಟು, ಮಳಖೇಡದ ಸಿಮೆಂಟು. ನೀವು ಬಾಡಿಗೆ ಕಟ್ಟುತ್ತಿರೋ ಫ್ಲ್ಯಾಟಿನ ಪಿಲ್ಲರಿನಲ್ಲೂ ಒಂದಿಷ್ಟು ಕಲಬುರಗಿ ಜಿಲ್ಲೆ ಇದ್ದರೆ ಆಶ್ಚರ್ಯ ಇಲ್ಲ.

ಕಲ್ಲಿನ ಬಗ್ಗೆ, ಸಿಮೆಂಟಿನ ಬಗ್ಗೆ ಬರೆದವರು ಬಹಳ ಮಂದಿ. ಅದನ್ನು ಹೊತ್ತ ಅಚ್ಚಿನ ಬಗ್ಗೆ ಯಾರೂ ಬರೆದದ್ದು ನಾನು ಓದಿಲ್ಲ. ಈ ಲೇಖನ ಅದರ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಗಾಡಿಯ ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿಕೊಂಡಿರುತ್ತಲ್ಲ, ಲಾರಿಯ ಹಿಂದೆ ಟ್ರಾಫಿಕ್ಕಲ್ಲಿ ನಿಂತಾಗ ನಿಮ್ಮ ಕಣ್ಣಿಗೆ ನೇರ ಬೀಳುತ್ತಲ್ಲ, ಅದರೊಳಗೆ ಏನಿದೆ ಅನ್ನೋದರ ಬಗ್ಗೆ. ಪುಸ್ತಕದಲ್ಲಿ ಅದು ಡಿಫರೆನ್ಶಿಯಲ್. ನಮ್ಮ ಕಡೆ ಗ್ಯಾರೇಜಿನಲ್ಲಿ ಡಿಫ್ರನ್ಸ್. ಹಳೇ ಡಿಫ್ರನ್ಸ್ ಒಂದನ್ನ ಗುಜರಿಯಿಂದ ತಂದು, ಬಿಚ್ಚಿ, ನೋಡಿ, ತೊಳೆದು ಇನ್ನೊಂದು ಗಾಡಿಗೆ ಕೂರಿಸೋ ವಿದ್ಯೆ ವಾಡಿ, ಶಹಾಬಾದ್, ಸೇಡಂನ ಗ್ಯಾರೇಜುಗಳಲ್ಲಿ ಯಾಕೆ ಇಷ್ಟು ಗಟ್ಟಿಯಾಗಿದೆ ಅನ್ನೋದಕ್ಕೆ ಒಂದು ಇತಿಹಾಸ ಇದೆ ಅಂತ ನನ್ನ ವಾದ.

ಮೊದಲು ಬಂಡಿಯಿಂದ ಶುರು ಮಾಡೋಣ. ಎತ್ತಿನ ಬಂಡಿಯಲ್ಲಿ ಅಚ್ಚು ತಿರುಗೋದಿಲ್ಲ, ಗಾಲಿ ಮಾತ್ರ ತಿರುಗುತ್ತೆ. ಎರಡು ಗಾಲಿಗೂ ಒಂದಕ್ಕೊಂದು ಸಂಬಂಧ ಇಲ್ಲ. ಹೊಲದ ಬದುವಿನಲ್ಲಿ ಬಂಡಿ ತಿರುಗಿಸುವಾಗ ಹೊರಗಿನ ಗಾಲಿ ಹೆಚ್ಚು ಸುತ್ತು ಸುತ್ತುತ್ತೆ, ಒಳಗಿನದು ಕಡಿಮೆ. ಎಳೆಯೋದು ಎತ್ತು, ಗಾಲಿಯ ಕೆಲಸ ಉರುಳೋದಷ್ಟೇ. ಆಗಾಗ ಕೀಲೆಣ್ಣೆ ಹಾಕಿದರೆ ಮುಗೀತು. ಶಹಾಬಾದಿನ ಕಲ್ಲುಗಣಿಯಿಂದ ಚಪ್ಪಡಿಗಳು ಮೊದಮೊದಲು ರೈಲಿನವರೆಗೆ ಬಂದದ್ದು ಹೀಗೆ ಬಂಡಿಯಲ್ಲೇ.

ಇನ್ನು ರೈಲು. 1871ಕ್ಕೆ ಮುಂಬೈ ಕಡೆಯ ಹಳಿ ರಾಯಚೂರು ಮುಟ್ಟಿತು, ದಾರಿಯಲ್ಲಿ ಶಹಾಬಾದ್, ವಾಡಿ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು, ಚಿತ್ತಾಪುರ, ಸೇಡಂ, ತಾಂಡೂರಿನ ಮೇಲೆ. ಹೊಲದ ನಡುವಿನ ಸಣ್ಣ ಊರು ವಾಡಿ ಜಂಕ್ಷನ್ ಆಗಿದ್ದು ಹಾಗೆ. ರೈಲಿನ ಗಾಲಿ ಬಂಡಿಗೆ ಪೂರ್ತಿ ಉಲ್ಟಾ. ಎರಡೂ ಗಾಲಿ ಅಚ್ಚಿಗೆ ಬಿಗಿಯಾಗಿ ಕಚ್ಚಿರುತ್ತವೆ, ಮೂರೂ ಒಟ್ಟಿಗೇ ತಿರುಗುತ್ತವೆ. ಹಾಗಾದರೆ ತಿರುವಿನಲ್ಲಿ ಏನು ಮಾಡುತ್ತೆ? ಗಾಲಿಯ ಅಂಚನ್ನ ಸ್ವಲ್ಪ ಓರೆಯಾಗಿ, ಶಂಕುವಿನ ಆಕಾರಕ್ಕೆ ಕಡೆದಿರ್ತಾರೆ. ತಿರುವಿನಲ್ಲಿ ಗಾಲಿಜೋಡಿ ಹೊರಕ್ಕೆ ಸರಿದು, ಹೊರಗಿನ ಗಾಲಿ ತನ್ನ ದಪ್ಪ ಭಾಗದ ಮೇಲೂ ಒಳಗಿನದು ಸಣ್ಣ ಭಾಗದ ಮೇಲೂ ಉರುಳುತ್ತೆ. ಲೆಕ್ಕ ಸರಿಹೋಯಿತು. ಒಂದು ಗೇರೂ ಇಲ್ಲ. ವಾಡಿ ಪ್ಲಾಟ್‌ಫಾರ್ಮಿನಲ್ಲಿ ಗೂಡ್ಸ್ ಗಾಡಿ ನಿಂತಾಗ ಬಗ್ಗಿ ನೋಡಿದರೆ ಈ ಓರೆ ಕಾಣುತ್ತೆ.

ಬಂಡಿಗೆ ಬೇಡ, ರೈಲಿಗೆ ಬೇಡ. ಡಿಫರೆನ್ಶಿಯಲ್ ಬೇಕಾದದ್ದು ಈ ಎರಡರ ನಡುವೆ ಹುಟ್ಟಿದ ಮೂರನೆಯವನಿಗೆ, ಅಂದ್ರೆ ಹಳಿ ಇಲ್ಲದೆ, ಎತ್ತೂ ಇಲ್ಲದೆ, ಗಾಲಿಯನ್ನೇ ತಿರುಗಿಸಿ ಮುಂದೆ ಹೋಗೋ ಮೋಟಾರು ಗಾಡಿಗೆ. ಎಂಜಿನ್ ಒಂದೇ, ಗಾಲಿ ಎರಡು. ಎರಡು ಗಾಲಿಯ ನಡುವಿನ ಅಂತರ 1.3 ಮೀಟರ್ ಅಂತ ಹಿಡಿದು ಲೆಕ್ಕ ಹಾಕಿ. 90 ಡಿಗ್ರಿ ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಸುಮಾರು 2 ಮೀಟರ್ ಹೆಚ್ಚು ನಡೆಯುತ್ತೆ. ಯೂ ಟರ್ನ್ ಹೊಡೆದರೆ 4 ಮೀಟರ್. ಮಜಾ ಏನಂದ್ರೆ ತಿರುವು ದೊಡ್ಡದಿರಲಿ ಸಣ್ಣದಿರಲಿ, ಈ ವ್ಯತ್ಯಾಸ ಅಷ್ಟೇ. ಎರಡು ಗಾಲಿಯನ್ನ ಒಂದೇ ಅಚ್ಚಿಗೆ ಬಿಗಿದರೆ ಯಾವುದಾದರೂ ಒಂದು ಟೈರು ಆ 2 ಮೀಟರ್ ರಸ್ತೆಗೆ ಉಜ್ಜಿಕೊಂಡೇ ಹೋಗಬೇಕು.

ಇದಕ್ಕೆ ಪರಿಹಾರ ಕಂಡುಕೊಂಡವನು ಫ್ರಾನ್ಸಿನ ಓನೆಸಿಫೋರ್ ಪೆಕ್ಯೂರ್. 1820ರ ದಶಕದ ಕೊನೆಯಲ್ಲಿ ತನ್ನ ಉಗಿಬಂಡಿಗಾಗಿ ಪೇಟೆಂಟ್ ಪಡೆದ. ಅರ್ಧ ಶತಮಾನ ಅದು ಹೆಚ್ಚು ಬಳಕೆಯಾಗಲಿಲ್ಲ. 1877ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಸೈಕಲ್ಲಿಗೆ ಅದೇ ತತ್ವ ತಂದ. ಅಪ್ಪ ಮಗ ಇಬ್ಬರೂ ಅಕ್ಕಪಕ್ಕ ಕೂತು ತುಳಿಯೋ ಗಾಡಿಯಲ್ಲಿ ಮಗ ಜೋರಾಗಿ ತುಳಿದು ಗಾಡಿ ಪಕ್ಕದ ಚರಂಡಿಗೆ ಹೋಯಿತಂತೆ, ಅದಾದ ಮೇಲೆ ಅಪ್ಪ ಕೂತು ಯೋಚಿಸಿದನಂತೆ ಅನ್ನೋ ಕತೆ ಇದೆ. ಕತೆ ಖರೇನೋ ಸುಳ್ಳೋ, ಕೆಲವೇ ವರ್ಷಗಳಲ್ಲಿ ಕಾರ್ಲ್ ಬೆಂಝನ ಮೊದಲ ಮೂರುಗಾಲಿ ಮೋಟಾರಿನಲ್ಲೂ ಡಿಫರೆನ್ಶಿಯಲ್ ಇತ್ತು. ಅಲ್ಲಿಂದ ಇವತ್ತಿನವರೆಗೆ ಅದು ಹೋಗಿಲ್ಲ. ಪೆಟ್ರೋಲ್ ಹೋಗಿ ಬ್ಯಾಟರಿ ಬಂದರೂ, ಒಂದು ಮೋಟಾರಿನ ಎಲೆಕ್ಟ್ರಿಕ್ ಕಾರಿನ ಹೊಟ್ಟೆಯಲ್ಲಿ ಇದೇ ಇದೆ.

ಒಳಗೆ ಇರೋದು ಇಷ್ಟು. ಎಂಜಿನ್ ಕಡೆಯಿಂದ ಬರೋ ಉದ್ದನೆ ಶಾಫ್ಟಿನ ತುದಿಗೆ ಸಣ್ಣ ಪಿನಿಯನ್. ಅದು ತಟ್ಟೆಯಂಥ ದೊಡ್ಡ ಕ್ರೌನನ್ನ ತಿರುಗಿಸುತ್ತೆ. ಕ್ರೌನಿಗೆ ಕಟ್ಟಿದ ಡಬ್ಬಿಯೊಳಗೆ ಸ್ಟಾರ್ ಗೇರುಗಳು, ಕಾರಿನಲ್ಲಿ ಸಾಮಾನ್ಯವಾಗಿ ಎರಡು, ಲಾರಿಯಲ್ಲಿ ನಾಲ್ಕು. ಆ ಸ್ಟಾರ್ ಗೇರುಗಳು ಎಡಕ್ಕೊಂದು ಬಲಕ್ಕೊಂದು ಇರೋ ಸೈಡ್ ಗೇರಿಗೆ ಹಲ್ಲು ಕೊಟ್ಟಿರ್ತವೆ. ನೆಟ್ಟಗೆ ಹೋಗುವಾಗ ಸ್ಟಾರ್ ಗೇರು ತನ್ನ ಸುತ್ತ ತಾನು ತಿರುಗೋದಿಲ್ಲ, ಡಬ್ಬಿಯ ಜೊತೆ ಹಾಗೇ ಸುತ್ತುತ್ತೆ. ತಿರುವು ಬಂದಾಗ ಮಾತ್ರ ತನ್ನ ಪಿನ್ನಿನ ಮೇಲೆ ಮೆಲ್ಲಗೆ ಹೊರಳುತ್ತೆ, ಒಂದು ಕಡೆ ಎಷ್ಟು ಕಡಿಮೆ ಮಾಡ್ತೋ ಇನ್ನೊಂದು ಕಡೆ ಅಷ್ಟು ಹೆಚ್ಚು ಕೊಡುತ್ತೆ. ಬಲವನ್ನ ಮಾತ್ರ ಎರಡೂ ಕಡೆ ಸರಿಸಮ ಹಂಚುತ್ತೆ.

ಆ ಸರಿಸಮ ಹಂಚಿಕೆಯೇ ನಮ್ಮ ಎರೆ ಮಣ್ಣಿನಲ್ಲಿ ಫಜೀತಿ. ಮಳೆಗಾಲದಲ್ಲಿ ಕಾಗಿಣಾ ದಂಡೆಯ ಹೊಲಕ್ಕೆ ಗಾಡಿ ಇಳಿಸಿದವರಿಗೆ ಗೊತ್ತು. ಒಂದು ಗಾಲಿ ಕೆಸರಿಗೆ ಬಿತ್ತು ಅಂದ್ರೆ ಆ ಗಾಲಿಗೆ ತಡೆ ಇಲ್ಲ, ಬಲ ಹೆಚ್ಚುಕಡಿಮೆ ಸೊನ್ನೆ. ಅದಕ್ಕೆ ಸೊನ್ನೆ ಅಂದ್ರೆ ಗಟ್ಟಿ ನೆಲದ ಮೇಲಿರೋ ಗಾಲಿಗೂ ಸೊನ್ನೆಯೇ. ಡ್ರೈವರು ಸಿಟ್ಟಿನಿಂದ ಎಕ್ಸಲೇಟರ್ ಒತ್ತುತ್ತಾನೆ, ಕೆಸರಿನ ಗಾಲಿ ಗಿರಗಿರ ತಿರುಗುತ್ತೆ, ಒಳಗೆ ಸ್ಟಾರ್ ಗೇರು ಎಂದೂ ತಿರುಗದಷ್ಟು ಜೋರಾಗಿ ತನ್ನ ಪಿನ್ನಿನ ಮೇಲೆ ತಿರುಗುತ್ತೆ, ಪಿನ್ ಕಾಯ್ದು ಗೀರು ಬೀಳುತ್ತೆ. ಆಮೇಲೆ ಯಾರೋ ಗಾಲಿ ಕೆಳಗೆ ಕಲ್ಲು ಕೊಡ್ತಾರೆ, ಗಾಲಿ ಫಕ್ಕನೆ ಕಚ್ಚುತ್ತೆ, ಹಲ್ಲು ಹಾರುತ್ತೆ. ನಮ್ಮ ಕಡೆ ಡಿಫ್ರನ್ಸ್ ಸಾಯೋ ಒಂದು ಬಗೆ ಇದು. ಇನ್ನೊಂದು ಬಗೆ ದೂಳು. ಗಣಿಯ ದೂಳು, ರಸ್ತೆಯ ದೂಳು ಸವೆದ ಆಯಿಲ್ ಸೀಲಿನಿಂದ, ಮುಚ್ಚಳ ಹೋದ ಬ್ರೀದರಿನಿಂದ ಒಳಗೆ ಇಳಿದು ಎಣ್ಣೆಗೆ ಸೇರುತ್ತೆ. ಸುಣ್ಣದ ಕಲ್ಲೇನೋ ಮೆತ್ತಗಿನದು, ಅದರ ಜೊತೆಗಿರೋ ಮರಳು ಮೆತ್ತಗಿನದಲ್ಲ. ಎಣ್ಣೆ ಹೋಗಿ ಸಾಣೆ ಹಿಡಿಯೋ ಪೇಸ್ಟ್ ಆಗುತ್ತೆ.

ಈಗ ಲಾರಿ ನಮ್ಮ ಕಡೆ ಬಂದ ಕತೆ. ಹೈದರಾಬಾದ್ ಸಂಸ್ಥಾನದಲ್ಲಿ 1932ರ ಜೂನಿನಲ್ಲಿ ನಿಜಾಮರ ರೈಲ್ವೆಯೇ ರಸ್ತೆಗೂ ಇಳಿದು ಬಸ್ಸು ಶುರು ಮಾಡಿತು, 27 ಬಸ್ಸು, 166 ಜನ ನೌಕರರು. ಸರಕಾರವೇ ಬಸ್ಸು ಓಡಿಸಿದ್ದು ಈ ದೇಶದಲ್ಲಿ ಅದೇ ಮೊದಲು ಅಂತಾರೆ. ಶಹಾಬಾದಿನಲ್ಲಿ ಅಷ್ಟರಲ್ಲಾಗಲೇ ಸಿಮೆಂಟು ಕಾರ್ಖಾನೆ ಇತ್ತು. 1936ರಲ್ಲಿ ಹಲವು ಸಿಮೆಂಟು ಕಂಪನಿಗಳು ಒಂದಾಗಿ ಎಸಿಸಿ ಹುಟ್ಟಿದಾಗ ಶಹಾಬಾದಿನದೂ ಅದರೊಳಗೆ ಸೇರಿತು. ಮುಂದೆ ಶಹಾಬಾದಿನಲ್ಲೇ ಬಾಯ್ಲರು, ಸಿಮೆಂಟು ಯಂತ್ರ ಮಾಡೋ ದೊಡ್ಡ ಕಾರ್ಖಾನೆಯೂ ಬಂತು. ಆ ಊರಿನವರ ಬಾಯಲ್ಲಿ ಮೈಕ್ರೋಮೀಟರು, ಲೇತು, ಟಾಲರೆನ್ಸು ಅನ್ನೋ ಮಾತು ಸಲೀಸಾಗಿ ಬರೋದಕ್ಕೆ ಅದೂ ಒಂದು ಕಾರಣ ಅಂತ ನನಗನ್ನಿಸುತ್ತೆ.

1948ರಲ್ಲಿ ನಿಜಾಮರ ಆಳ್ವಿಕೆ ಮುಗೀತು, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ನಡುವೆ, 1954ರಲ್ಲಿ, ಟಾಟಾದವರು ಜರ್ಮನಿಯ ಬೆಂಝ್ ಕಂಪನಿಯ ಜೊತೆ ಕೈಜೋಡಿಸಿ ಜಮಶೇಡ್‌ಪುರದಲ್ಲಿ ಲಾರಿ ಮಾಡೋಕೆ ಶುರು ಮಾಡಿದರು. 1968ರಲ್ಲಿ ವಾಡಿಯಲ್ಲಿ ಎಸಿಸಿ ಕಾರ್ಖಾನೆ ಶುರುವಾಯಿತು. ಆದರೆ ಲಾರಿಗಳ ನಿಜವಾದ ಜಾತ್ರೆ ಬಂದದ್ದು 1980ರ ದಶಕದಲ್ಲಿ. ಅಲ್ಲಿವರೆಗೆ ಸಿಮೆಂಟಿನ ಬೆಲೆ, ಹಂಚಿಕೆ ಎಲ್ಲಾ ಸರಕಾರದ ಕೈಯಲ್ಲಿತ್ತು. 1982ರಲ್ಲಿ ಆ ಹಿಡಿತ ಅರ್ಧ ಸಡಿಲ ಆಯಿತು, 1989ರಲ್ಲಿ ಪೂರ್ತಿ ಹೋಯಿತು. ಕಾರ್ಖಾನೆ ಹಾಕಿದವನಿಗೆ ಲಾಭ ಕಾಣಿಸಿತು. ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ ಆ ದಶಕದ ಕೂಸುಗಳು. ರಾಷ್ಟ್ರಕೂಟರ ರಾಜಧಾನಿಯ ಪಕ್ಕದಲ್ಲೇ ಚಿಮಣಿ ಎದ್ದಿತು. ಮಾನ್ಯಖೇಟದ ಕೋಟೆಗೆ ಬಂದವರಿಗಿಂತ ಕಾರ್ಖಾನೆಯ ಗೇಟಿಗೆ ಬಂದ ಲಾರಿಗಳೇ ಹೆಚ್ಚು ಅನ್ನೋದು ನಮ್ಮಲ್ಲಿ ಹಳೇ ಜೋಕು.

ಚಿಂಚೋಳಿಯ ಪಾಡು ಬೇರೆ. ಕಾಡು, ಕೆಂಪು ಗುಡ್ಡ, ಚಂದ್ರಂಪಳ್ಳಿ ಡ್ಯಾಮು ಎಲ್ಲಾ ಇದೆ, ರೈಲು ಮಾತ್ರ ಇಲ್ಲ. ತೊಗರಿ ಚೀಲ ರೈಲಿಗೆ ಹಾಕಬೇಕಂದ್ರೂ ತಾಂಡೂರಿಗೋ ಸೇಡಂಗೋ ರಸ್ತೆ ಹಿಡೀಬೇಕು. ಅಂಥ ತಾಲೂಕು ಪೂರ್ತಿ ನಿಂತಿರೋದು ಹಿಂದಿನ ಅಚ್ಚಿನ ಮೇಲೆ ಅಂದ್ರೆ ಉತ್ಪ್ರೇಕ್ಷೆ ಅಲ್ಲ. ಲಾರಿ, ಜೀಪು, ಕ್ರೂಸರು, ಆಮೇಲೆ 2005ರಿಂದ ಟಾಟಾ ಏಸು, ಎಲ್ಲವೂ ಹಿಂದಿನ ಗಾಲಿಯಿಂದ ತಳ್ಳೋ ಗಾಡಿಗಳೇ.

ಲೈಸೆನ್ಸ್ ಕಾಲದಲ್ಲಿ ಹೊಸ ಗಾಡಿಗೆ ವರ್ಷಗಟ್ಟಲೆ ಕಾಯಬೇಕಿತ್ತು ಅಂತ ನಮ್ಮ ಪೀಳಿಗೆಯವರು ಕೇಳಿರ್ತೀವಿ. ಹೊಸ ಗಾಡಿ ಸಿಗದಿದ್ದಾಗ ಹಳೇ ಗಾಡಿ ಸಾಯೋಕೆ ಬಿಡಬಾರದು. ಒಂದು ಲಾರಿ ಪಲ್ಟಿ ಆದರೆ ಅದರ ಎಂಜಿನ್ ಒಬ್ಬನಿಗೆ, ಗೇರ್‌ಬಾಕ್ಸ್ ಇನ್ನೊಬ್ಬನಿಗೆ, ಡಿಫ್ರನ್ಸ್ ಮತ್ತೊಬ್ಬನಿಗೆ. ಹಳೇ ಸಾಮಾನು ಕೊಳ್ಳೋದು ಬಡತನದ ಲಕ್ಷಣ ಅಂತ ಪಟ್ಟಣದವರು ತಿಳ್ಕೊಂಡಿದ್ದಾರೆ. ನಮ್ಮ ಕಡೆ ಅದು ಪರೀಕ್ಷೆ ಮಾಡೋ ವಿದ್ಯೆ. ಹೊಸದನ್ನ ಯಾರು ಬೇಕಾದರೂ ಕೊಳ್ಳಬಹುದು, ಬಿಲ್ಲು ಓದಿದರೆ ಸಾಕು. ಹಳೇದನ್ನ ಕೊಳ್ಳಬೇಕಂದ್ರೆ ಅದನ್ನೇ ಓದಬೇಕು.

ಆ ಓದು ಹೇಗಿರುತ್ತೆ ಅಂತ ನಾನು ಹತ್ತಿರದಿಂದ ನೋಡಿದ್ದು ನಮ್ಮ ಕಾಕಾನ ಅಂಬಾಸಡರ್ ಕಾರಣಕ್ಕೆ. ಅಂಬಾಸಡರ್ ಬಗ್ಗೆ ನಿಮಗೆ ಗೊತ್ತೇ ಇದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸಿನ ಅಚ್ಚಿನಲ್ಲಿ 1957ರಿಂದ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಮಾಡಿದ ಕಾರು. 2014ರ ಮೇ ತಿಂಗಳಲ್ಲಿ ಅಲ್ಲಿ ಕೆಲಸ ನಿಂತಿತು. ಸೇಡಂ ತಾಲೂಕಿನ ನಮ್ಮ ಹಳ್ಳಿಯಲ್ಲಿ ಕಾಕಾ ಅದನ್ನ ಮದುವೆ, ಜಾತ್ರೆ, ಕಲಬುರಗಿ ದವಾಖಾನೆಗೆ ಪೇಷಂಟ್ ಒಯ್ಯೋದು, ಹೀಗೆ ಬಾಡಿಗೆಗೆ ಹೊಡೀತಿದ್ದ. ಕಂಪನಿ ಮುಚ್ಚಿ ಎರಡು ಮೂರು ವರ್ಷಕ್ಕೆ ಹಿಂದಿನಿಂದ ಹೂಂಂಂ ಅಂತ ಸದ್ದು ಶುರುವಾಯಿತು. ಮದುವೆ ಸೀಜನ್ನು ಎದುರಿಗಿತ್ತು. ಆ ಎರಡು ತಿಂಗಳ ಬಾಡಿಗೆಯ ಮೇಲೆ ತಂಗಿಯ ಕಾಲೇಜು ಫೀಸು, ಹೊಲದ ಬೀಜಗೊಬ್ಬರ ಎಲ್ಲಾ ನಿಂತಿತ್ತು.

ವಾಡಿಯಲ್ಲಿ ಒಬ್ಬ ಹಳೇ ಮಿಸ್ತ್ರಿ ಇದ್ದಾರೆ, ನಾವೆಲ್ಲ ಚಾಚಾ ಅಂತೀವಿ. ಗಾಡಿ ತಂದು ನಿಲ್ಲಿಸಿದ ಮೇಲೆ ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಕಾಕಾನ ಪಕ್ಕ ಕೂತು ಚಿತ್ತಾಪುರ ರಸ್ತೆಯಲ್ಲಿ ಒಂದು ರೌಂಡು ಹೋಗಿ ಬಂದರು. ಎಕ್ಸಲೇಟರ್ ಒತ್ತಿದಾಗ ಕೂಗುತ್ತೋ, ಬಿಟ್ಟಾಗ ಕೂಗುತ್ತೋ ಅಂತ ಕಿವಿಗೊಟ್ಟರು. ಎಳೆಯುವಾಗ ಮಾತ್ರ ಕೂಗಿದರೆ ಕ್ರೌನ್-ಪಿನಿಯನ್ನಿನ ಹಲ್ಲು. ತಿರುವಿನಲ್ಲಿ ಮಾತ್ರ ಕಟಕಟ ಅಂದರೆ ಸ್ಟಾರ್ ಗೇರು. ಒತ್ತಲಿ ಬಿಡಲಿ ಒಂದೇ ಸಮ ಗುರ್ ಅಂದರೆ ಬೇರಿಂಗು. ನಾನು ದಿನಾ ಆಫೀಸಿನಲ್ಲಿ ಮಾಡೋ ಡೀಬಗ್ಗಿಂಗೂ ಇದೇ, ದೋಷ ಯಾವಾಗ ಬರುತ್ತೆ, ಯಾವಾಗ ಬರಲ್ಲ ಅಂತ ಮೊದಲು ಬೇರ್ಪಡಿಸೋದು. ಚಾಚಾ ಲಾಗ್ ಫೈಲು ನೋಡೋದಿಲ್ಲ ಅಷ್ಟೇ.

“ಕ್ರೌನ್ ಹೋಗ್ಯಾದ. ಹಳೇದು ನೋಡಮು,” ಅಂದರು.

ಎರಡು ಕಡೆ ಅಂಬಾಸಡರ್ ಡಿಫ್ರನ್ಸ್ ಸಿಕ್ಕವು. ಒಂದು ಚೊಕ್ಕ ತೊಳೆದು, ಕರಿ ಪೇಂಟು ಹೊಡೆದು ಥಳಥಳ ಇಟ್ಟಿದ್ದರು, ರೇಟು ಹೆಚ್ಚುಕಡಿಮೆ ದುಪ್ಪಟ್ಟು. ಇನ್ನೊಂದು ಹೌಸಿಂಗಿನ ಸಮೇತ ಹಂಗೇ ಬಿದ್ದಿತ್ತು, ಮೈಮೇಲೆ ಬೆರಳು ದಪ್ಪ ಮಣ್ಣು-ಎಣ್ಣೆಯ ಗಾರೆ, ಒಳಗೆ ಹಳೇ ಎಣ್ಣೆ ಇನ್ನೂ ಇತ್ತು. ಕಾಕಾನಿಗೆ ಮೊದಲನೇದರ ಮೇಲೆ ಮನಸ್ಸು. ಚಾಚಾ ಎರಡನೇದರ ಮುಂದೆ ಕೂತರು.

“ಇದನ್ನ ತೊಳೀಬ್ಯಾಡ್ರಿ. ತೊಳಿಯಾಕಿಂತ ಮೊದಲ ನೋಡಬೇಕು. ತೊಳದು ಇಟ್ಟಾನಂದ್ರ ಅದರ ಕತಿನೂ ತೊಳದಂಗ.”

ಆಮೇಲೆ ಒಂದು ಗಂಟೆ ನಡೆದದ್ದನ್ನ ನಾನು ಹೇಳ್ತೀನಿ, ಯಾಕಂದ್ರೆ ಇದನ್ನ ಬರೆದಿಟ್ಟವರು ಕಡಿಮೆ.

ಮೊದಲು ಎಣ್ಣೆ. ಕೆಳಗಿನ ಬೋಲ್ಟು ಬಿಚ್ಚಿ ಎಣ್ಣೆಯನ್ನ ಚೊಕ್ಕ ತಟ್ಟೆಗೆ ಇಳಿಸಿದರು. ಹಾಲಿನಂತೆ ಬಿಳಿಚಿದ್ದರೆ ನೀರು ಹೊಕ್ಕಿದೆ ಅಂತ ಅರ್ಥ, ಯಾವುದೋ ಹಳ್ಳ ದಾಟಿದ ಗಾಡಿ. ಇದು ಕಪ್ಪಗಿತ್ತು, ನೀರಿರಲಿಲ್ಲ. ಹಳೇ ಸ್ಪೀಕರಿನ ಆಯಸ್ಕಾಂತ ಅದರಲ್ಲಿ ಆಡಿಸಿದರು. ಬೂದಿಯಂಥ ನುಣ್ಣನೆ ಪುಡಿ ಹತ್ತಿತು. ಪುಡಿ ನುಣ್ಣಗಿದ್ದರೆ ಸಹಜ ಸವೆತ, ಹೊಳೆಯೋ ಚಕ್ಕೆ ಬಂದರೆ ಬೇರಿಂಗೋ ಹಲ್ಲೋ ಕಿತ್ತಿದೆ. ಚಕ್ಕೆ ಇರಲಿಲ್ಲ. ತಟ್ಟೆಯ ಎಣ್ಣೆ ಮೂಸಿ ನೋಡು ಅಂತ ನನ್ನ ಕಡೆ ಹಿಡಿದರು. ಗೇರ್ ಎಣ್ಣೆಗೆ ಕೊಳೆತ ವಾಸನೆ ಇರುತ್ತೆ, ಅದು ಗಂಧಕದ್ದು. ಇದಕ್ಕೂ ಒಂದು ಸಣ್ಣ ಇತಿಹಾಸ. 1920ರ ದಶಕದಲ್ಲಿ ಅಮೆರಿಕದ ಗ್ಲೀಸನ್ ಕಂಪನಿ ಹೈಪಾಯ್ಡ್ ಅನ್ನೋ ಗೇರು ತಂದಿತು, ಪಿನಿಯನ್ನು ಕ್ರೌನಿನ ನಡುಮಧ್ಯೆ ಇಲ್ಲದೆ ಸ್ವಲ್ಪ ಕೆಳಗೆ ಕೂರುತ್ತೆ. ಅದರಿಂದ ಶಾಫ್ಟು ತಗ್ಗಿ, ಕಾರಿನ ನೆಲವೂ ತಗ್ಗಿತು. ಆದರೆ ಹಲ್ಲುಗಳು ಬರೀ ಉರುಳದೆ ಒಂದರ ಮೇಲೊಂದು ಜಾರತೊಡಗಿದವು. ಸಾದಾ ಎಣ್ಣೆ ಆ ಒತ್ತಡಕ್ಕೆ ನಿಲ್ಲಲಿಲ್ಲ, ಗಂಧಕ ಸೇರಿಸಬೇಕಾಯಿತು. ಗ್ಯಾರೇಜಿನವರು 90 ನಂಬರ್ ಆಯಿಲ್ ಅನ್ನೋದು ಇದನ್ನೇ. ಯಾರಾದರೂ ಎಂಜಿನ್ ಆಯಿಲ್ ಹಾಕಿ ಓಡಿಸಿದ್ದರೆ ಹಲ್ಲಿನ ಮೇಲೆ ಗೀರು, ನೀಲಿ ಬಣ್ಣ ಕಾಣುತ್ತೆ. ನೀಲಿ ಅಂದ್ರೆ ಉಕ್ಕು ಕಾಯ್ದು ತನ್ನ ಗಟ್ಟಿತನ ಕಳಕೊಂಡಿದೆ ಅಂತ.

ಆಮೇಲೆ ನಂಬರು. ಕ್ರೌನು, ಪಿನಿಯನ್ನು ಹುಟ್ಟುವಾಗಲೇ ಜೋಡಿ. ಕಾರ್ಖಾನೆಯಲ್ಲಿ ಎರಡನ್ನೂ ಒಂದಕ್ಕೊಂದು ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ನಂಬರು ಕೊರೆದಿರ್ತಾರೆ. ಇದರಲ್ಲಿ ನಂಬರು ಒಂದೇ ಇತ್ತು. ಎದ್ದು ಹೋಗಿ ಥಳಥಳ ಅನ್ನೋದನ್ನೂ ನೋಡಿದರು. ಪೇಂಟನ್ನ ಉಗುರಲ್ಲಿ ಕೆರೆದಾಗ ಕ್ರೌನಿನ ನಂಬರು ಒಂದು, ಪಿನಿಯನ್ನಿನದು ಇನ್ನೊಂದು. ಎರಡು ಸತ್ತ ಗಾಡಿಗಳಿಂದ ಒಂದು ಜೀವ ಮಾಡಿದ್ದರು. ಅಲ್ಲಿಗೆ ಕಾಕಾ ಆ ಕಡೆ ನೋಡೋದು ಬಿಟ್ಟ.

ಹಲ್ಲಿನ ಲೆಕ್ಕದಲ್ಲಿ ಇನ್ನೊಂದು ಚಂದದ ವಿಷಯ ಇದೆ, ಕೋಡ್ ಬರೆಯೋರಿಗೆ ಇಷ್ಟ ಆಗುತ್ತೆ. ಟಾಟಾ ಲಾರಿಯ ಕ್ರೌನ್-ಪಿನಿಯನ್ ಅಂಗಡಿಯಲ್ಲಿ 6-41 ಅಂತ ಕೇಳಿ ತರ್ತಾರೆ, ಪಿನಿಯನ್ನಿಗೆ 6 ಹಲ್ಲು, ಕ್ರೌನಿಗೆ 41. ಪಿನಿಯನ್ 6.83 ಸುತ್ತು ಸುತ್ತಿದರೆ ಗಾಲಿ ಒಂದು ಸುತ್ತು. 42 ಯಾಕಿಲ್ಲ, ಲೆಕ್ಕ ಸಲೀಸಾಗ್ತಿತ್ತಲ್ಲ? 42 ಆದರೆ ಪಿನಿಯನ್ನಿನ ಒಂದು ಹಲ್ಲು ಜೀವನಪೂರ್ತಿ ಕ್ರೌನಿನ ಅದೇ 7 ಹಲ್ಲುಗಳನ್ನೇ ಕಡಿಯುತ್ತೆ. 41 ಅವಿಭಾಜ್ಯ ಸಂಖ್ಯೆ. ಪ್ರತಿ ಹಲ್ಲೂ ಎದುರಿನ ಪ್ರತಿ ಹಲ್ಲನ್ನೂ ಸರದಿಯ ಮೇಲೆ ಭೇಟಿ ಆಗುತ್ತೆ, 246 ಭೇಟಿಗೊಮ್ಮೆ ಚಕ್ರ ಮುಗಿದು ಮತ್ತೆ ಮೊದಲಿಂದ. ಸವೆತ ಎಲ್ಲರಿಗೂ ಸಮ. ಹಾಗೇ ಒಂದು ಮುರುಕು ಹಲ್ಲಿನ ಪೆಟ್ಟೂ ಎಲ್ಲರಿಗೂ ಸಮ. ಅದಕ್ಕೇ ಒಂದು ಹಲ್ಲು ಕಿತ್ತ ಕ್ರೌನನ್ನ ಚಾಚಾನಂಥವರು ಮುಟ್ಟೋದೇ ಇಲ್ಲ.

ಗಾಡಿ ಮುಂದೆ ಹೋಗುವಾಗ ಭಾರ ಹೊರೋ ಹಲ್ಲಿನ ಮಗ್ಗುಲನ್ನ ಟಾರ್ಚು ಹಾಕಿ ನೋಡಿದರು. ಸಿಡುಬಿನ ಕಲೆಯಂಥ ಗುಳಿ ಇಲ್ಲ. ಸ್ಟಾರ್ ಗೇರಿನ ಪಿನ್ ತೆಗೆದು ಉಗುರು ಎಳೆದರು. ಉಗುರು ಸಿಗಬಾರದು. ಸಿಗಲಿಲ್ಲ.

“ಈ ಗಾಡಿ ಕೆಸರಿನಾಗ ದುಡಿದಿಲ್ಲ. ಡಾಂಬರ್ ರಸ್ತಾದಾಗ ಓಡ್ಯಾದ,” ಅಂದರು. ಯಾವ ಆರ್‌ಸಿ ಪುಸ್ತಕದಲ್ಲೂ ಇಲ್ಲದ ಮಾತು.

ಬೇರಿಂಗ್ ಮಾತ್ರ ಪಾಸಾಗಲಿಲ್ಲ. ಗುಜರಿಯಲ್ಲಿ ಅಲ್ಲಾಡದೆ ಬಿದ್ದಿದ್ದರಿಂದ ರೋಲರುಗಳು ಕೂತ ಜಾಗದಲ್ಲೇ ಸಾಲುಸಾಲು ತುಕ್ಕಿನ ಗೆರೆ ಇತ್ತು. ತುಕ್ಕು ಉಜ್ಜಿದರೆ ಹೋಗುತ್ತೆ, ಗುಳಿ ಹೋಗಲ್ಲ. ಹೊಸ ಬೇರಿಂಗು, ಹೊಸ ಆಯಿಲ್ ಸೀಲು, ಸ್ಟಾರ್ ಗೇರಿನ ಹಿಂದಿನ ಸವೆದ ವಾಷರುಗಳು, ಇಷ್ಟು ಚೀಟಿ ಬರೆದು ಕೊಟ್ಟರು. ಇಷ್ಟೆಲ್ಲ ಹಾಕಿದರೂ ಥಳಥಳ ಅನ್ನೋದರ ರೇಟಿಗೆ ಕಡಿಮೆಯೇ ಆಯಿತು.

ಆಮೇಲೆ ತೊಳೆದರು. ಪೆಟ್ರೋಲ್ ಅಲ್ಲ, ಡೀಸೆಲ್. ಮೊದಲು ಹೊರಗಿನ ಗಾರೆಯನ್ನ ತಗಡಿನಿಂದ ಕೆರೆದು, ಬ್ರಷ್ ಹೊಡೆದು, ಆಮೇಲೇ ಒಳಗಿನದು. ಉಲ್ಟಾ ಮಾಡಿದರೆ ಹೊರಗಿನ ಮಣ್ಣು ಒಳಗೆ. ಪ್ರತಿ ಬೋಲ್ಟಿನ ರಂಧ್ರದ ತಳಕ್ಕೂ ಕಡ್ಡಿ ಹಾಕಿದರು, ತಳದಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟು ಪೂರ್ತಿ ಬಿಗಿಯಾದಂತೆ ಅನ್ನಿಸುತ್ತೆ, ಆಗಿರಲ್ಲ. ಒರೆಸೋಕೆ ಕಾಟನ್ ವೇಸ್ಟ್ ಬೇಡ, ಎಳೆ ಬಿಡುತ್ತೆ, ಹಳೇ ಲುಂಗಿಯ ಬಟ್ಟೆ. ಡೀಸೆಲ್ ಆರುತ್ತಿದ್ದಂತೆ ಬರಿ ಉಕ್ಕು ತುಕ್ಕು ಹಿಡಿಯೋಕೆ ಶುರು ಮಾಡುತ್ತೆ, ಅದಕ್ಕೆ ತಕ್ಷಣ 90 ನಂಬರ್ ಎಣ್ಣೆ ಸವರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರು. ಕಂಪ್ರೆಸರ್ ಗಾಳಿ ಬಿಟ್ಟು ಬೇರಿಂಗನ್ನ ಗಿರ್ ಅನ್ನಿಸಿ ಮಜಾ ತಗೊಳ್ಳೋ ಹುಡುಗನಿಗೆ ಒಂದು ಬೈಗುಳ ಬಿತ್ತು. ಎಣ್ಣೆ ಇಲ್ಲದೆ ಅಷ್ಟು ಜೋರು ತಿರುಗಿದರೆ ಹೊಸ ಬೇರಿಂಗು ಅಲ್ಲೇ ಹಳೇದಾಗುತ್ತೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಕಾಕಾನ ಗಾಡಿಯ ಹೌಸಿಂಗ್ ತೊಳೆಯೋದಕ್ಕೆ. ಹಳೇ ಕ್ರೌನಿನ ಪುಡಿಯೆಲ್ಲ ಅಚ್ಚಿನ ಎರಡೂ ಕೊಳವೆಗಳ ಒಳಗೆ ಮೆತ್ತಿಕೊಂಡಿತ್ತು. ಅದನ್ನ ಬಿಟ್ಟು ಚೊಕ್ಕ ಡಿಫ್ರನ್ಸ್ ಕೂರಿಸಿದರೆ ಮೊದಲ ತಿರುವಿಗೇ ಆ ಪುಡಿ ಎಣ್ಣೆಗೆ ಇಳಿಯುತ್ತೆ. ಉದ್ದನೆ ಕೋಲಿಗೆ ಬಟ್ಟೆ ಸುತ್ತಿ, ತೋಪು ತೊಳೆದಂತೆ ತೊಳೆದರು, ಬಟ್ಟೆ ಬಿಳಿ ಬರೋ ತನಕ. ಮುಚ್ಚಿಹೋದ ಬ್ರೀದರಿಗೂ ತಂತಿ ಹಾಕಿದರು.

ಜೋಡಿಸಿದ ಮೇಲೆ ಕ್ರೌನಿನ ಹಲ್ಲುಗಳಿಗೆ ಎಣ್ಣೆಯಲ್ಲಿ ಕಲಸಿದ ಸಿಂಧೂರ ಹಚ್ಚಿದರು. ಪೂಜೆ ಅಲ್ಲ. ಸಿಂಧೂರ ಅಂದ್ರೆ ಸೀಸದ ಕೆಂಪು ಆಕ್ಸೈಡ್, ಗೇರಿನ ಹಲ್ಲು ಎಲ್ಲಿ ಮುಟ್ಟುತ್ತೆ ಅಂತ ನೋಡೋಕೆ ಲೋಕದ ಎಲ್ಲಾ ಕಡೆ ಬಹಳ ಕಾಲದಿಂದ ಬಳಸಿದ್ದು ಅದನ್ನೇ. ಈಗ ಬೇರೆ ಬಣ್ಣದ ಟ್ಯೂಬುಗಳು ಬಂದಿವೆ, ಅದೇ ಒಳ್ಳೇದು, ಸೀಸ ವಿಷ. ಕ್ರೌನನ್ನ ಕೈಯಲ್ಲಿ ತಡೆದು ಪಿನಿಯನ್ ತಿರುಗಿಸಿದಾಗ ಹಲ್ಲಿನ ನಡುಮಧ್ಯೆ ಅಂಡಾಕಾರದ ಗುರುತು ಬರಬೇಕು. ಅಂಚಿಗೆ ಬಂದರೆ ಶಿಮ್ ಬದಲಿಸಿ ಮತ್ತೆ ಜೋಡಿಸಬೇಕು. ಮೂರು ಸಲ ಬಿಚ್ಚಿದರು. ಹಲ್ಲುಗಳ ನಡುವಿನ ಪ್ಲೇ ನೋಡೋಕೆ ಡಯಲ್ ಗೇಜ್ ಇತ್ತು. ಕಾರುಗಳಿಗೆ ಸಾಮಾನ್ಯವಾಗಿ 0.10ರಿಂದ 0.20 ಮಿಲಿಮೀಟರ್ ಆಸುಪಾಸು ಇರಬೇಕು, ಅಂದ್ರೆ ಒಂದೆರಡು ಹಾಳೆಯಷ್ಟು ದಪ್ಪ. ಚಾಚಾ ಮೊದಲು ಕೈಯಲ್ಲಿ ಅಲ್ಲಾಡಿಸಿ ಒಂದು ಅಂಕಿ ಹೇಳಿದರು, ಆಮೇಲೆ ಗೇಜು ಇಟ್ಟರು. ಗೇಜು ಅವರನ್ನ ಒಪ್ಪಿತು.

ಇಂಥ ಕೈಗಳಿಗೆ ಮುಂದೆ ಕೆಲಸ ಎಷ್ಟು ದಿನ ಅನ್ನೋದು ಬೇರೆ ಪ್ರಶ್ನೆ. 1983ರಲ್ಲಿ ಮಾರುತಿ ಬಂದಾಗಲೇ ಕಾರಿನ ಡಿಫರೆನ್ಶಿಯಲ್ ಮುಂದಕ್ಕೆ ಹೋಗಿ ಗೇರ್‌ಬಾಕ್ಸಿನ ಹೊಟ್ಟೆ ಸೇರಿತು. 2021ರಲ್ಲಿ ಕೇಂದ್ರದ ಗುಜರಿ ನೀತಿ ಬಂತು, 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರಕಾರಿ ಗಾಡಿಗಳ ನೋಂದಣಿಯೇ ರದ್ದು. ಹೊಗೆಯ ಲೆಕ್ಕದಲ್ಲಿ ಅದು ಸರಿ ಇರಬಹುದು. ಆದರೆ ಹೊಗೆ ಬಿಡೋದು ಎಂಜಿನ್, ಡಿಫ್ರನ್ಸ್ ಅಲ್ಲ. ಚೆನ್ನಾಗಿರೋ ಕ್ರೌನನ್ನ ಎಂಜಿನ್ನಿನ ಜೊತೆ ಭಟ್ಟಿಗೆ ಹಾಕೋದು ನನಗಂತೂ ದಂಡ ಅನ್ನಿಸುತ್ತೆ. ಲಾರಿ, ಬೊಲೆರೊ, ಏಸು ಇರೋ ತನಕ ವಾಡಿಯಲ್ಲಿ ಚಾಚಾನ ಅಂಗಡಿ ನಡೆಯುತ್ತೆ. ಕಲಿಯೋಕೆ ಬರೋ ಹುಡುಗರು ಕಡಿಮೆ ಆಗಿದ್ದಾರೆ ಅಂತ ಅವರೇ ಹೇಳ್ತಾರೆ. ಬರೋರಿಗೂ ಸ್ಕ್ಯಾನರ್ ಹಿಡಿಯೋ ಕೆಲಸವೇ ಬೇಕು.

ಕಾಕಾನ ಗಾಡಿ 500 ಕಿಲೋಮೀಟರ್ ಓಡಿದ ಮೇಲೆ ಎಣ್ಣೆ ಇಳಿಸಿ ಹೊಸದು ಹಾಕಬೇಕು ಅಂತ ಚಾಚಾ ಹೇಳಿದ್ದರು. ಚಿಂಚೋಳಿಗೆ ಎರಡು ಮದುವೆ, ಕಲಬುರಗಿಗೆ ಎರಡು ಸಲ ದವಾಖಾನೆ, ಅಷ್ಟರಲ್ಲಿ 500 ಆಗಿತ್ತು. ಇಳಿಸಿದ ಎಣ್ಣೆಗೆ ಆಯಸ್ಕಾಂತ ಹಾಕಿದಾಗ ನುಣ್ಣನೆ ಪುಡಿ ಸ್ವಲ್ಪ ಹತ್ತಿತು, ಚಕ್ಕೆ ಒಂದೂ ಇಲ್ಲ. ತೆಗೆದ ಹಳೇ ಡಿಫ್ರನ್ಸನ್ನ ಕಾಕಾ ಗುಜರಿಗೆ ತೂಕಕ್ಕೆ ಹಾಕೋಕೆ ಹೊರಟಿದ್ದ. ಚಾಚಾ ಅದರ ಕ್ರೌನು ಪಿನಿಯನ್ನು ಮಾತ್ರ ಅವನಿಗೆ ಕೊಟ್ಟರು. ಸ್ಟಾರ್ ಗೇರುಗಳನ್ನ ಬಿಚ್ಚಿ, ತೊಳೆದು, ಎಣ್ಣೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಶೆಲ್ಫಿನ ಮೇಲಿಟ್ಟು, ಮೇಲೆ ಸೀಮೆಸುಣ್ಣದಲ್ಲಿ ಅಂಬಾಸಡರ್ ಅಂತ ಬರೆದರು.